ನಿಮ್ಮ ಮನೆಗೆ ಯಾವ ಒಲೆ?



ಹಸು ಕೊಳ್ಳುವಾಗ ನೀವು ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ಕೆಚ್ಚಲು ಮುಟ್ಟಿ ನೋಡುತ್ತೀರಿ. ಬಿತ್ತನೆಯ ರಾಗಿ ತರುವಾಗ ನಾಲ್ಕು ಜನರನ್ನು ಕೇಳುತ್ತೀರಿ. ಆದರೆ ದಿನಕ್ಕೆ ಎರಡು ಹೊತ್ತು ಇಡೀ ಮನೆಗೆ ಹಿಟ್ಟು ಬೇಯಿಸಿಕೊಡುವ ಒಲೆಯನ್ನು ಹೀಗೆ ನೋಡಿ ಆರಿಸಿದವರು ನಮ್ಮಲ್ಲಿ ಎಷ್ಟು ಮಂದಿ? ಮೂರು ಕಲ್ಲು ಇಟ್ಟರೆ ಒಲೆಯಾಯಿತು, ಮಣ್ಣು ಮೆತ್ತಿದರೆ ಇನ್ನೂ ಒಳ್ಳೆಯ ಒಲೆಯಾಯಿತು ಎಂದು ನಡೆದುಬಂದಿದೆ. ಆದುದರಿಂದ ಈ ಹೊತ್ತು ಒಲೆಯನ್ನು ಆರಿಸುವುದು ಹೇಗೆ ಎಂಬುದನ್ನು ಕುರಿತು ನಾಲ್ಕು ಮಾತು ಹೇಳುತ್ತೇನೆ.

‘ಮನೆಮನೆಗೂ ಗ್ಯಾಸು ಬಂದಮೇಲೆ ಸೌದೆ ಒಲೆಯ ಮಾತೇಕೆ ಸ್ವಾಮಿ?’ ಎಂದು ಕೆಲವರು ಕೇಳಬಹುದು. ನಿಜ. 2016ರಲ್ಲಿ ಉಜ್ವಲ ಯೋಜನೆ ಬಂದಮೇಲೆ ಬಡವರ ಮನೆಗೂ ಸಿಲಿಂಡರು ಬಂದಿದೆ. ಆದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಳ್ಳಿಗಳಲ್ಲಿ ಒಂದು ಸುತ್ತು ಹಾಕಿ ನೋಡಿ. ಕಾಫಿಗೆ, ಒಗ್ಗರಣೆಗೆ ಗ್ಯಾಸು. ಮುದ್ದೆಯ ಎಸರಿಗೆ, ದನದ ಬೂಸಾ ಬೇಯಿಸುವುದಕ್ಕೆ, ಬಚ್ಚಲ ಹಂಡೆಗೆ ಸೌದೆ. ಮನೆಯಲ್ಲಿ ಎರಡೂ ಉಂಟು. ಸೌದೆ ಉರಿಯುವಷ್ಟು ಹೊತ್ತು ಹೊಗೆಯೂ ಉಂಟು.

ಈ ಹೊಗೆ ಎಂದರೇನು? ಮೊದಲು ಇದನ್ನು ತಿಳಿಯಬೇಕು. ಹೊಗೆ ಎಂದರೆ ಉರಿಯದೆ ಹೋದ ಸೌದೆ. ಸೌದೆ ಕಾದಾಗ ಅದರಿಂದ ಅನಿಲ ಹೊರಡುತ್ತದೆ. ಆ ಅನಿಲಕ್ಕೆ ಸಾಕಷ್ಟು ಶಾಖ, ಸಾಕಷ್ಟು ಗಾಳಿ ದೊರೆತರೆ ಅದು ಜ್ವಾಲೆಯಾಗಿ ಉರಿದುಹೋಗುತ್ತದೆ. ದೊರೆಯದಿದ್ದರೆ ಹೊಗೆಯಾಗಿ ಕಣ್ಣಿಗೂ ಎದೆಗೂ ಹೊಕ್ಕು, ಉಳಿದದ್ದು ಪಾತ್ರೆಯ ತಳಕ್ಕೆ ಮಸಿಯಾಗಿ ಅಂಟುತ್ತದೆ. ಹಸಿ ಸೌದೆಯಾದರೆ ಶಾಖದ ಒಂದು ಪಾಲು ಆ ಸೌದೆಯೊಳಗಿನ ನೀರನ್ನು ಆರಿಸುವುದಕ್ಕೇ ಹೋಗುತ್ತದೆ. ಹೀಗಾಗಿ ಮೂರು ಕಲ್ಲಿನ ಒಲೆಯಲ್ಲಿ ನೂರು ಪಾಲು ಶಾಖ ಹುಟ್ಟಿದರೆ ಪಾತ್ರೆಗೆ ಸೇರುವುದು ಸುಮಾರು ಹತ್ತು ಪಾಲು ಮಾತ್ರ. ಹೊತ್ತು ತಂದ ಹತ್ತು ಹೊರೆಯಲ್ಲಿ ಒಂಬತ್ತು ಹೊರೆ ಗಾಳಿಗೆ ಹೋದ ಹಾಗೆ.

ಸೌದೆ ಹೋದರೆ ಮತ್ತೆ ತರಬಹುದು. ಆರೋಗ್ಯ ಹೋದರೆ? ಮನೆಯೊಳಗಿನ ಅಡಿಗೆಯ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಅವರಲ್ಲಿ ಐದು ವರ್ಷ ತುಂಬದ ಮಕ್ಕಳೇ ಎರಡು ಲಕ್ಷಕ್ಕೂ ಹೆಚ್ಚು. ದಮ್ಮು, ಶ್ವಾಸಕೋಶದ ಕಾಯಿಲೆ, ಹೃದ್ರೋಗ, ಲಕ್ವ, ಮಕ್ಕಳಿಗೆ ನ್ಯುಮೋನಿಯಾ, ಇವೆಲ್ಲಕ್ಕೂ ಹೊಗೆ ಒಂದು ಕಾರಣ. ಬೀಡಿ ಮುಟ್ಟದ ಅಜ್ಜಿಗೆ ಬೀಡಿ ಸೇದಿದವರ ಕೆಮ್ಮು ಹೇಗೆ ಬಂತು ಎಂಬುದಕ್ಕೆ ಉತ್ತರ ಬಹಳ ಮನೆಗಳಲ್ಲಿ ಅಡಿಗೆಮನೆಯ ಗೋಡೆಯ ಮೇಲೇ ಕಪ್ಪಗೆ ಕಾಣುತ್ತದೆ.

‘ಹೊಗೆ ಇದ್ದರೆ ಅಟ್ಟದ ಕಾಳಿಗೆ ಹುಳು ಬೀಳೋದಿಲ್ಲ, ಸೂರಿನ ಬಿದಿರು ಉಳೀತದೆ. ನಮ್ಮ ಅತ್ತೆ ಕಾಲದಿಂದ ಹೀಗೇ ಅಲ್ಲವಾ?’ ಎನ್ನುವ ಹಿರಿಯರುಂಟು. ಅದರಲ್ಲಿ ನಿಜವೂ ಉಂಟು. ಆದರೆ ಆ ಕಾಲದ ಮನೆಗೆ ಹೆಂಚಿನ ಸೂರು ಇತ್ತು. ಹೆಂಚಿನ ಸಂದಿಯಲ್ಲಿ ಹೊಗೆ ಹೊರಕ್ಕೆ ಹೋಗುತ್ತಿತ್ತು. ಈಗ ಕಟ್ಟಿರುವುದು ಆರ್.ಸಿ.ಸಿ. ತಾರಸಿ. ಹೊಗೆ ಮೇಲೇರಿ, ತಾರಸಿಗೆ ತಾಗಿ, ಮತ್ತೆ ಕೆಳಕ್ಕೆ ಇಳಿದು ಒಲೆಯ ಮುಂದೆ ಕೂತವರ ಮುಖಕ್ಕೇ ಬರುತ್ತದೆ. ಮನೆ ಹೊಸದಾಯಿತು, ಒಲೆ ಹಳೆಯದೇ ಉಳಿಯಿತು. ಕಷ್ಟ ಹೆಚ್ಚಿದ್ದು ಹೀಗೆ.

ಒಳ್ಳೆಯ ಒಲೆ ಮಾಡುವ ಪ್ರಯತ್ನ ನಮ್ಮ ನಾಡಿನಲ್ಲಿ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ವಿಭಾಗ ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಯ ಬದುಕಿಗೆ ಒದಗಿಸುವುದು ಅದರ ಉದ್ದೇಶ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರು ಕೇಂದ್ರ ತೆರೆದು, ಹಳ್ಳಿಯವರು ಎಷ್ಟು ಸೌದೆ ಉರಿಸುತ್ತಾರೆ, ಅದನ್ನು ತರುವುದಕ್ಕೆ ಎಷ್ಟು ಹೊತ್ತು ಕಳೆಯುತ್ತಾರೆ ಎಂದು ಅಳೆದು ನೋಡಿದರು. 1980ರ ದಶಕದಲ್ಲಿ ಅಲ್ಲಿಂದ ಬಂದದ್ದೇ ‘ಅಸ್ತ್ರ ಒಲೆ’. ಸೌದೆ ಉರಿಯುವ ಗೂಡು ಮುಚ್ಚಿಕೊಂಡಿರುತ್ತದೆ. ಸೌದೆಯ ಕೆಳಗೆ ಕಬ್ಬಿಣದ ಜಾಲರಿ, ಅದರಡಿಯಿಂದ ಗಾಳಿ. ಒಂದೇ ಉರಿ ಮೂರು ಪಾತ್ರೆಯ ತಳ ಸವರಿಕೊಂಡು ಹೋಗಿ, ಕೊನೆಗೆ ಹೊಗೆಕೊಳವೆಯಿಂದ ಸೂರಿನ ಮೇಲೆ ಹೊರಡುತ್ತದೆ. ಪರೀಕ್ಷೆಯಲ್ಲಿ ನೂರಕ್ಕೆ 30 ಪಾಲಿಗೂ ಮಿಗಿಲಾಗಿ ಶಾಖ ಪಾತ್ರೆಗಳಿಗೆ ಸೇರಿತು. ಕೇಂದ್ರ ಸರ್ಕಾರವೂ 1983ರಲ್ಲಿ ಸುಧಾರಿತ ಒಲೆಗಳ ಕಾರ್ಯಕ್ರಮ ಆರಂಭಿಸಿ ದೇಶದ ತುಂಬ ಇಂಥ ಒಲೆಗಳನ್ನು ಕಟ್ಟಿಸಿತು. 2002ರಲ್ಲಿ ಅದು ಮುಗಿಯಿತು.

ಹಾಗಾದರೆ ಆ ಒಲೆಗಳೆಲ್ಲ ಎಲ್ಲಿ ಹೋದವು? ಹಲವು ಮನೆಗಳಲ್ಲಿ ಒಡೆದುಹಾಕಿದರು. ವಿದ್ಯೆ ಸುಳ್ಳಾಗಲಿಲ್ಲ, ಬಳಕೆ ತಪ್ಪಿತು. ಕಟ್ಟಿದವರು ಅಳತೆ ತಪ್ಪಿಸಿದರು. ನಾಲ್ಕು ಅಂಗುಲ ಇರಬೇಕಾದ ದಾರಿ ಎರಡಂಗುಲವಾದರೆ ಹೊಗೆ ಎದುರಿಗೇ ಬರುತ್ತದೆ. ಕೊಳವೆಯಲ್ಲಿ ಮಸಿ ಕಟ್ಟಿತು, ತೆಗೆಯಬೇಕೆಂದು ಯಾರೂ ಹೇಳಿಕೊಡಲಿಲ್ಲ. ಉದ್ದ ಸೌದೆ ಹಿಡಿಸಲೆಂದು ಬಾಯಿ ಒಡೆದು ಅಗಲ ಮಾಡಿದರು. ಎಲ್ಲಕ್ಕಿಂತ ಮಿಗಿಲಾಗಿ, ಒಲೆಯ ಮುಂದೆ ಕೂರುವವರನ್ನು ಕೇಳದೆ ಒಲೆ ಕಟ್ಟಿದರು. ಈ ಪಾಠವನ್ನು ನಾವು ಮರೆಯಬಾರದು. ಆದುದರಿಂದ ಒಲೆ ಆರಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ.

ಮೊದಲನೆಯ ಪ್ರಶ್ನೆ: ನಮ್ಮ ಹಿತ್ತಿಲಲ್ಲಿ ಏನು ಸಿಗುತ್ತದೆ? ರೇಷ್ಮೆ ಇರುವ ಮನೆಯಲ್ಲಿ ಹಿಪ್ಪುನೇರಳೆ ಕಡ್ಡಿ ರಾಶಿ ಇರುತ್ತದೆ. ದ್ರಾಕ್ಷಿ ಇದ್ದರೆ ಸವರಿದ ಬಳ್ಳಿ. ರಾಗಿಯ ಅಕ್ಕಡಿ ಸಾಲಿನಲ್ಲಿ ತೊಗರಿ ಕಡ್ಡಿ, ಹರಳು ಕಡ್ಡಿ. ಇನ್ನು ತೆಂಗಿನ ಗರಿ, ಕರಟ, ಮುಸುಕಿನ ಜೋಳದ ದಿಂಡು, ಬೆರಣಿ. ನೀಲಗಿರಿ ಸೌದೆ ನಮ್ಮ ಕಡೆ ಧಾರಾಳವಾಗಿತ್ತು. ಹೊಸದಾಗಿ ನೀಲಗಿರಿ ನೆಡುವುದನ್ನು 2017ರಲ್ಲಿ ರಾಜ್ಯ ಸರ್ಕಾರ ನಿಷೇಧಿಸಿತು. ಆದುದರಿಂದ ಮುಂದೆಯೂ ಅದನ್ನೇ ನಂಬಿ ಒಲೆ ಆರಿಸಬೇಡಿ. ಹೀಗೆ ಹಲವು ಬಗೆಯ ಕಡ್ಡಿಕಸ ಉರಿಸುವ ಮನೆಗೆ ಬಾಯಿ ಹದವಾಗಿರುವ, ಜಾಲರಿ ಇರುವ, ಹೊಗೆಕೊಳವೆ ಇರುವ ಕಟ್ಟಿದ ಒಲೆ ಒಗ್ಗುತ್ತದೆ. ಸಣ್ಣ ಫ್ಯಾನು ಇರುವ ಲೋಹದ ಒಲೆಯಲ್ಲಿ ಹೊಗೆ ಬಹಳ ಕಡಮೆ. ಆದರೆ ಅದಕ್ಕೆ ಒಣ ಸೌದೆಯನ್ನು ಎರಡು ಮೂರು ಅಂಗುಲದ ಚೂರು ಮಾಡಿ ಹಾಕಬೇಕು, ಬ್ಯಾಟರಿಗೆ ಕರೆಂಟು ಕೊಡಬೇಕು. ದಿನವೂ ಮಚ್ಚು ಹಿಡಿದು ಚೂರು ಮಾಡುವವರು ಯಾರು ಎಂಬುದನ್ನು ಕೊಳ್ಳುವ ಮೊದಲೇ ಗೊತ್ತುಮಾಡಿಕೊಳ್ಳಿ.

ಅಂಗಡಿಯಿಂದಲೇ ಇಂಧನ ತರಬೇಕಾದ ಒಲೆಯ ವಿಷಯದಲ್ಲಿ ಜೋಕೆ. 2006ರಲ್ಲಿ ‘ಊರ್ಜಾ’ ಎಂಬ ಒಲೆ ಮಾರುಕಟ್ಟೆಗೆ ಬಂತು. ಅದರ ಹಿಂದೆಯೂ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯೆ ಇತ್ತು. ಒಲೆ ಚೆನ್ನಾಗಿಯೇ ಉರಿಯಿತು, ಲಕ್ಷಗಟ್ಟಲೆ ಮಾರಾಟವಾಯಿತು. ಆದರೆ ಅದಕ್ಕೆ ಬೇಳೆಹೊಟ್ಟು, ಕಬ್ಬಿನ ಸಿಪ್ಪೆಯಂಥ ಕಸದಿಂದ ಒತ್ತಿದ ಗುಳಿಗೆಗಳೇ ಬೇಕು. ಆ ಕಸಕ್ಕೆ ಕಾರ್ಖಾನೆಗಳಿಂದ ಬೇಡಿಕೆ ಬಂದು ಗುಳಿಗೆಯ ಬೆಲೆ ಏರಿತು. ಕೊಂಡವರಲ್ಲಿ ಬಹಳ ಮಂದಿ ಒಲೆಯನ್ನು ಮೂಲೆಗಿಟ್ಟರು. ಹಿತ್ತಿಲ ಸೌದೆಗೆ ಹೊಂದುವ ಒಲೆ ತಂದವರಿಗೆ ಈ ಕಷ್ಟವಿಲ್ಲ.

ಎರಡನೆಯ ಪ್ರಶ್ನೆ: ಒಲೆಯ ಮೇಲೆ ಏನು ಬೇಯುತ್ತದೆ? ನಮ್ಮ ಸೀಮೆಯಲ್ಲಿ ಇದು ಮುದ್ದೆಯ ಪ್ರಶ್ನೆ. ಎಸರು ಕುದಿದು, ಹಿಟ್ಟು ಬಿದ್ದಮೇಲೆ ಪಾತ್ರೆಗೆ ಕವೆಗೋಲು ಒತ್ತಿ ಹಿಡಿದು, ಮುದ್ದೆಕೋಲಿನಿಂದ ಮೈಬಲವೆಲ್ಲ ಬಿಟ್ಟು ತಿರುವಬೇಕು. ಹಗುರವಾದ ತಗಡಿನ ಒಲೆಯ ಮೇಲೆ ಹಾಗೆ ತಿರುವಿದರೆ ಪಾತ್ರೆ, ಒಲೆ, ಕೆಂಡ ಮೂರೂ ಕಾಲಮೇಲೆ ಬೀಳುತ್ತವೆ. ಇದನ್ನು ಅಂಗಡಿಯವನು ಹೇಳುವುದಿಲ್ಲ. ಆದುದರಿಂದ ಮುದ್ದೆ ಮಾಡುವ ಒಲೆ ಭಾರವಾಗಿರಬೇಕು, ತಳ ಅಗಲವಾಗಿರಬೇಕು, ಎತ್ತರ ಕಡಮೆಯಿರಬೇಕು. ಕಟ್ಟಿದ ಒಲೆಯಾದರೆ ನಿಮ್ಮ ಮುದ್ದೆ ಪಾತ್ರೆಯನ್ನೇ ಇಟ್ಟು ಮೊದಲ ಕಣ್ಣಿನ ಅಳತೆ ತೆಗೆಸಿ. ಅಳತೆ ಒಂದು, ಪಾತ್ರೆ ಇನ್ನೊಂದು ಆದರೆ ಸಂದಿಯಲ್ಲಿ ಹೊಗೆ ಬರುತ್ತದೆ. ಎರಡನೆಯ ಕಣ್ಣಿನಲ್ಲಿ ಸಾರು, ಮೂರನೆಯದಿದ್ದರೆ ನೀರು ಬಿಸಿಯಾಗಲಿ. ಬಚ್ಚಲ ಹಂಡೆ ಒಲೆಯನ್ನೂ ಮರೆಯಬೇಡಿ. ಮನೆಯ ಸೌದೆಯಲ್ಲಿ ದೊಡ್ಡ ಪಾಲು ನುಂಗುವುದು ಅದೇ. ಅದಕ್ಕೂ ಜಾಲರಿ, ಕೊಳವೆ ಇಡಿಸಬಹುದು.

ಮೂರನೆಯ ಪ್ರಶ್ನೆ: ಹೊಗೆ ಎಲ್ಲಿಗೆ ಹೋಗುತ್ತದೆ? ಸೌದೆ ಉಳಿಸುವ ಒಲೆಯೆಲ್ಲ ಹೊಗೆ ಉಳಿಸುವ ಒಲೆಯಲ್ಲ. ಕೊಳವೆಯಿಲ್ಲದ ಲೋಹದ ಒಲೆ ಸೌದೆ ಅರ್ಧ ಮಾಡಿದರೂ ಉಳಿದ ಹೊಗೆಯನ್ನು ಮನೆಯೊಳಗೇ ಬಿಡುತ್ತದೆ. ಅದನ್ನು ಜಗುಲಿಯಲ್ಲಿ, ಹೊರಗಿನ ಚಪ್ಪರದಲ್ಲಿ ಇಟ್ಟು ಉರಿಸಿ. ಇಂಥ ಒಲೆ ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ ಐ.ಎಸ್. 13152 ಎಂಬ ಗುರುತನ್ನು ಕೇಳಿ. ಆ ಮಾನಕದಂತೆ ಫ್ಯಾನಿಲ್ಲದ ಒಲೆ ನೂರಕ್ಕೆ 25 ಪಾಲು, ಫ್ಯಾನಿನ ಒಲೆ 35 ಪಾಲು ಶಾಖವನ್ನಾದರೂ ಪಾತ್ರೆಗೆ ಕೊಡತಕ್ಕದ್ದು. ಪಾತ್ರೆಗೆ ಸೇರಿದ ಒಂದು ಮೆಗಾಜೂಲ್ ಶಾಖಕ್ಕೆ ಹೊಗೆಯ ಕಣ ಫ್ಯಾನಿಲ್ಲದ್ದರಲ್ಲಿ 350 ಮಿಲಿಗ್ರಾಂ, ಫ್ಯಾನಿನದರಲ್ಲಿ 150 ಮಿಲಿಗ್ರಾಂ ಮೀರಕೂಡದು. ಈ ಅಂಕಿಗಳಲ್ಲೇ ನೋಡಿ, ಫ್ಯಾನಿನ ಒಲೆಯ ಹೊಗೆ ಅರ್ಧಕ್ಕಿಂತ ಕಡಮೆ.

ಕಟ್ಟಿದ ಒಲೆಯ ಕೊಳವೆ ಸೂರಿಗಿಂತ ಎರಡು ಅಡಿಯಾದರೂ ಮೇಲಿರಬೇಕು, ಮಳೆ ಬೀಳದಂತೆ ಟೋಪಿ ಇರಬೇಕು. ಹಿಂದೆ ಆಸ್ಬೆಸ್ಟಾಸ್ ಸಿಮೆಂಟಿನ ಕೊಳವೆ ಹಾಕುತ್ತಿದ್ದರು. ಅದರ ಪುಡಿ ಎದೆಗೆ ಕೆಡುಕು, ಈಗ ಬೇಡ. ತಿಂಗಳಿಗೊಮ್ಮೆ ಹಗ್ಗಕ್ಕೆ ಗೋಣಿತಾಟಿನ ಉಂಡೆ ಕಟ್ಟಿ ಕೊಳವೆಯಲ್ಲಿ ಎಳೆದು ಮಸಿ ತೆಗೆಯಿರಿ. ಒಲೆ ತಣ್ಣಗಿರುವಾಗ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಈ ಕೆಲಸ ಮಾಡಿ. ಇದನ್ನು ಮನೆಯ ಗಂಡಸರು ವಹಿಸಿಕೊಳ್ಳಲಿ. ಸೂರಿನ ಮೇಲೆ ಹತ್ತುವ ಕೆಲಸ, ಅಡಿಗೆಯವರ ತಲೆಗೇಕೆ?

ಹೊಸ ಒಲೆ ನಿಜವಾಗಿ ಒಳ್ಳೆಯದೇ ಎಂದು ತಿಳಿಯುವುದಕ್ಕೆ ಯಾರ ಮಾತೂ ಬೇಡ, ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದೇ ಬಗೆಯ ಒಣ ಸೌದೆಯನ್ನು ತೂಗಿ ಎರಡು ಸಮಭಾಗ ಮಾಡಿ. ಒಂದು ಭಾಗವನ್ನು ಹಳೆಯ ಒಲೆಗೆ, ಇನ್ನೊಂದನ್ನು ಹೊಸದಕ್ಕೆ ಇಡಿ. ಅದೇ ಅಡಿಗೆ, ಅಷ್ಟೇ ಜನ. ಎಷ್ಟೆಷ್ಟು ದಿನಕ್ಕೆ ಬಂತು ಎಂದು ಗೋಡೆಯ ಮೇಲೆ ಗೀಟು ಹಾಕಿ. ಜೊತೆಗೆ ಪಾತ್ರೆಯ ತಳದ ಮಸಿ ನೋಡಿ, ಊದುಕೊಳವೆ ಎಷ್ಟು ಸಾರಿ ಕೈಗೆ ಬಂತು ನೋಡಿ. ಕೊನೆಗೆ ಅಡಿಗೆ ಮಾಡಿದವರನ್ನು ಕೇಳಿ, ‘ಕಣ್ಣಲ್ಲಿ ನೀರು ಬಂತೇನಮ್ಮ?’ ಎಂದು. ಇಲ್ಲ ಎಂದರೆ ಒಲೆ ಪಾಸಾಯಿತು.

ಇನ್ನೊಂದು ಎಚ್ಚರಿಕೆ. ಮಾಗಿಯ ಚಳಿಯಲ್ಲಿ ಕೆಂಡದ ಬಾಂಡಲಿಯನ್ನು ಮಲಗುವ ಕೋಣೆಗೆ ತಂದು ಬಾಗಿಲು ಹಾಕಿಕೊಳ್ಳುವುದುಂಟು. ಕೆಂಡ ಹೊಗೆಯಾಡುವುದಿಲ್ಲವೆಂದು ನಂಬಬೇಡಿ. ಅದರಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಬರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳುವುದೇ ಇಲ್ಲ.

ನಿಜವನ್ನು ಮುಚ್ಚಿಡದೆ ಹೇಳಬೇಕು. ಎಷ್ಟೇ ಒಳ್ಳೆಯ ಸೌದೆ ಒಲೆಯೂ ಗ್ಯಾಸಿನಷ್ಟು ಶುಚಿಯಲ್ಲ. ಆದುದರಿಂದ ಗ್ಯಾಸು ಇದ್ದವರು ಆದಷ್ಟೂ ಅಡಿಗೆಯನ್ನು ಅದರಲ್ಲೇ ಮಾಡಿ. ನಾಲ್ಕೈದು ದನ ಇರುವ ಮನೆಗೆ ಗೋಬರ್ ಗ್ಯಾಸು ಇನ್ನೂ ಮೇಲು. 2 ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ ಸಾಕು. ನಾಲ್ಕೈದು ಮಂದಿಯ ಅಡಿಗೆಯಾಗುತ್ತದೆ, ಹೊರಬಂದ ಬಗ್ಗಡ ಹೊಲಕ್ಕೆ ಒಳ್ಳೆಯ ಗೊಬ್ಬರವಾಗುತ್ತದೆ. ಬೆರಣಿ ತಟ್ಟಿ ಸುಟ್ಟರೆ ಗೊಬ್ಬರವೂ ಹೋಯಿತು, ಹೊಗೆಯೂ ಬಂತು. ಈ ವಿಷಯದಲ್ಲಿ ಸಲಹೆ ಬೇಕಾದರೆ ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಸೌದೆ ಬಿಡಲಾಗದ ಕಡೆ ಮಾತ್ರ ಒಳ್ಳೆಯ ಸೌದೆ ಒಲೆ ಇರಲಿ. ಮಳೆಗಾಲಕ್ಕೆ ಮುಂಚೆಯೇ ಸೌದೆಯನ್ನು ಸೀಳಿ ಒಣಗಿಸಿ, ಸೂರಿನಡಿ ಒಟ್ಟಿಕೊಳ್ಳಿ. ಒಲೆ ಉರಿಯುವಾಗ ಕೂಸನ್ನು ಸೊಂಟದ ಮೇಲೆ ಇಟ್ಟುಕೊಳ್ಳದೆ ಬೇರೆಯವರ ಕೈಗೆ ಕೊಡಿ.

ಕೊನೆಯ ಮಾತು ಯಜಮಾನರಿಗೆ. ಒಲೆ ಕೊಳ್ಳಲು ಪೇಟೆಗೆ ಹೋಗುವಾಗ ಒಬ್ಬರೇ ಹೋಗಬೇಡಿ. ತಾಯಿಯನ್ನೋ, ಮನೆಯಾಕೆಯನ್ನೋ, ಸೊಸೆಯನ್ನೋ ಕರೆದುಕೊಂಡು ಹೋಗಿ. ಕಟ್ಟಿಸುವುದಾದರೆ ಮಣ್ಣು ಕಲಸುವ ಮೊದಲು ಅವರನ್ನು ಕೇಳಿ: ಎತ್ತರ ಎಷ್ಟಿರಬೇಕು, ಬಾಯಿ ಯಾವ ಕಡೆಗಿರಬೇಕು, ಯಾವ ಪಾತ್ರೆ ಇಡುತ್ತೀರಿ ಎಂದು. ನೇಗಿಲು ಆರಿಸುವಾಗ ಉಳುವವನನ್ನು ಕೇಳುವುದಿಲ್ಲವೇ? ಹಾಗೆಯೇ ಒಲೆಯನ್ನು ಆರಿಸಬೇಕಾದವರು ಒಲೆಯ ಮುಂದೆ ಕೂರುವವರು.