ಜನರಲ್ ತಿಮ್ಮಯ್ಯನವರ ಎರಡು ಗೌರವಗಳು



ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ತಿಳಿಸಿದ್ದಾರೆ. ಸೇನಾಧಿಕಾರಿಯ ಎದೆಯ ಮೇಲಿನ ಪದಕಗಳನ್ನು ನಾವು ಎಣಿಸುತ್ತೇವೆ. ಅವು ಯಾವ ಕೆಲಸಕ್ಕೆ ಬಂದವು ಎಂದು ವಿಚಾರಿಸುವುದು ಕಡಿಮೆ. ಆದ್ದರಿಂದ ಇಂದು ಅವರಿಗೆ ಸಂದ ಎರಡು ಗೌರವಗಳ ಕಥೆಯನ್ನು ಹೇಳುತ್ತೇನೆ.

ತಿಮ್ಮಯ್ಯನವರು 1906ರಲ್ಲಿ ಮಡಿಕೇರಿಯಲ್ಲಿ ಜನಿಸಿದರು. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು 1926ರಲ್ಲಿ ಸೇನಾಧಿಕಾರಿಯಾದರು. 1945ರ ಆರಂಭದಲ್ಲಿ ಬರ್ಮಾದ ಕಾಂಗಾವ್‌ನಲ್ಲಿ ಜಪಾನೀಯರೊಡನೆ ಘೋರ ಕಾಳಗ ನಡೆಯಿತು. ಅಲ್ಲಿ ಒಂದೇ ಬ್ರಿಗೇಡಿನ ಮೂರು ಬೆಟಾಲಿಯನ್‌ಗಳನ್ನು ನಡೆಸಿದವರು ಭಾರತೀಯರೇ: ತಿಮ್ಮಯ್ಯ, ತೋರಟ್ ಮತ್ತು ಸೇನ್. ಮೂವರಿಗೂ ಡಿ.ಎಸ್.ಓ. ಪದಕ ಬಂತು. ಭಾರತೀಯರು ದಂಡು ನಡೆಸಬಲ್ಲರೇ ಎಂಬ ಅನುಮಾನ ಬ್ರಿಟಿಷರಲ್ಲಿ ಹಲವರಿಗಿತ್ತು. ಆ ಪದಕ ಅದಕ್ಕೆ ಉತ್ತರವಾಯಿತು.

1948ರ ನವೆಂಬರ್ 1ರಂದು, ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ, ಲಡಾಖ್‌ನ ದಾರಿ ತೆರೆದದ್ದು ಅವರ ನೇತೃತ್ವದ ಪಡೆಯೇ. ಟ್ಯಾಂಕು ಏರಲು ಹಾದಿ ಕಡಿದುಕೊಟ್ಟವರು ಮದ್ರಾಸ್ ಸ್ಯಾಪರ್ಸ್ ಯೋಧರು. ಆ ಪಡೆಯ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಸೇನಾಪತಿಯ ಹೆಸರಿನ ಹಿಂದೆ ಹೀಗೆ ಎಷ್ಟೋ ಜನರ ಬೆವರಿರುತ್ತದೆ.

ಎರಡನೆಯ ಗೌರವ ಬಂದದ್ದು ಯುದ್ಧ ಗೆದ್ದದ್ದಕ್ಕಲ್ಲ. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಸೆರೆಯಾಳುಗಳು ಸ್ವದೇಶಕ್ಕೆ ಮರಳಲು ಒಪ್ಪಲಿಲ್ಲ. ಅವರ ವಿಷಯ ನೋಡಿಕೊಳ್ಳಲು ಐದು ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು; ತಿಮ್ಮಯ್ಯನವರು ಅದರ ಅಧ್ಯಕ್ಷರು. ಕಾವಲಿಗೆ ಹೋದ ಭಾರತೀಯ ಪಡೆಗೆ ಕಾಂಗಾವ್‌ನ ಅದೇ ತೋರಟ್ ನಾಯಕರು. ಎರಡು ಬಣಗಳೂ ತಮ್ಮ ತಮ್ಮ ಕಡೆಗೆ ಎಳೆಯುತ್ತಿದ್ದವು, ಇಬ್ಬರೂ ಭಾರತವನ್ನೇ ದೂರುತ್ತಿದ್ದರು. ಯಾರ ಪಕ್ಷವನ್ನೂ ಹಿಡಿಯದೆ ತಾಳ್ಮೆಯಿಂದ ಆ ಹೊಣೆ ನಿಭಾಯಿಸಿದ ತಿಮ್ಮಯ್ಯನವರಿಗೆ 1954ರಲ್ಲಿ ಪದ್ಮಭೂಷಣ ಸಂದಿತು.

1957ರಿಂದ 1961ರವರೆಗೆ ಅವರು ಭೂಸೇನೆಯ ಮುಖ್ಯಸ್ಥರಾಗಿದ್ದರು. ನಿವೃತ್ತರಾದ ಮೇಲೂ ವಿಶ್ವಸಂಸ್ಥೆ ಕರೆದಾಗ, 1964ರಲ್ಲಿ, ಗ್ರೀಕರು ಮತ್ತು ತುರ್ಕರ ಕಲಹದಿಂದ ನಲುಗಿದ್ದ ಸೈಪ್ರಸ್ ದ್ವೀಪಕ್ಕೆ ಶಾಂತಿಪಡೆಯ ದಂಡನಾಯಕರಾಗಿ ಹೊರಟರು. 1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿದ್ದಾಗಲೇ ಅಲ್ಲಿ ತೀರಿಕೊಂಡರು. ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ ಈಗ ವಸ್ತುಸಂಗ್ರಹಾಲಯ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಗುರುಗಳು ಅದನ್ನು ಮರೆಯಬಾರದು.

ಬಂಧುಗಳೇ, ಐವತ್ತು ವರ್ಷಗಳಿಂದ ಈ ಶಾಲೆ ಗೆದ್ದವರಿಗೆ ಬಹುಮಾನ ಕೊಡುತ್ತ ಬಂದಿದೆ. ಅದು ಸರಿಯೇ, ಮುಂದೆಯೂ ಕೊಡೋಣ. ಜೊತೆಗೆ, ಆಟದ ಮೈದಾನದಲ್ಲಿ ಜಗಳ ಬಿಡಿಸಿದ ಹುಡುಗನಿಗೂ, ಇಬ್ಬರ ಬೈಗುಳ ಕೇಳಿಯೂ ನ್ಯಾಯ ಬಿಡದ ಹುಡುಗಿಗೂ ಒಂದು ಬಹುಮಾನವಿರಲಿ. ಡಿ.ಎಸ್.ಓ.ಗೆ ಬೇಕಾದಷ್ಟೇ ಧೈರ್ಯ ಪದ್ಮಭೂಷಣಕ್ಕೂ ಬೇಕಾಯಿತು ಎಂಬುದನ್ನು ತಿಮ್ಮಯ್ಯನವರ ಬದುಕು ತೋರಿಸಿದೆ.