ರಕ್ತಪರೀಕ್ಷೆಯ ಕಾಗದವನ್ನು ಓದುವ ಬಗೆ
(ಸೂರತ್ತಿನ ಕತಾರ್‌ಗಾಮ್‌ನಲ್ಲಿ ನೆರೆದ ಹೋಟೆಲು ಮತ್ತು ಮಿಲ್ಲು ಕಾರ್ಮಿಕ ಬಂಧುಗಳ ಕೂಟದಲ್ಲಿ ಮಾಡಿದ ಭಾಷಣ)



ಇಂದು ನಾವು ಎತ್ತಿಕೊಂಡ ವಿಷಯ ನಾಲ್ಕು ಜನರ ನಡುವೆ ಆಡತಕ್ಕದ್ದಲ್ಲವೆಂದು ಕೆಲವು ಹಿರಿಯರು ಮೊದಲೇ ನಮ್ಮನ್ನು ಎಚ್ಚರಿಸಿದ್ದಾರೆ. ಅವರಲ್ಲಿ ನಮಗೆ ಗೌರವವಿದೆ. ಆದರೆ ನಾಲ್ಕು ಜನರ ನಡುವೆ ಆಡದ ಈ ಮಾತನ್ನು ನಮ್ಮ ಹುಡುಗರು ರಾತ್ರಿ ಎರಡು ಗಂಟೆಗೆ, ಪಾಳಿ ಮುಗಿಸಿ ಬಂದು, ಚಾಪೆಯ ಮೇಲೆ ಮೊಬೈಲು ಹಿಡಿದುಕೊಂಡು ತಮ್ಮೊಳಗೇ ಆಡಿಕೊಳ್ಳುತ್ತಿದ್ದಾರೆ. ಅದಕ್ಕಿಂತ ಇಲ್ಲಿ, ಬೆಳಕಿನಲ್ಲಿ ಆಡುವುದು ಲೇಸೆಂದು ನಮಗೆ ತೋರಿತು.

ಹೋದ ವರ್ಷ ಚಳಿಗಾಲದಲ್ಲಿ, ಹೋಟೆಲೊಂದರ ಅಡಿಗೆಮನೆಯಲ್ಲಿ ದುಡಿಯುವ ತರುಣನೊಬ್ಬ ನಮ್ಮಲ್ಲಿಗೆ ಬಂದ. ಹೆಸರು, ಊರು ಬೇಡ. ರಜೆಯ ಒಂದು ರಾತ್ರಿ ಎಲ್ಲಿಗೋ ಹೋಗಿದ್ದನಂತೆ. ಮನಸ್ಸಿಗೆ ಹೆದರಿಕೆ ಹೊಕ್ಕು, ಐದನೆಯ ದಿನ ಒಂದು ಖಾಸಗಿ ಪ್ರಯೋಗಶಾಲೆಯಲ್ಲಿ ಎಚ್.ಐ.ವಿ. ಪರೀಕ್ಷೆ ಮಾಡಿಸಿದ್ದ. ಕಾಗದದಲ್ಲಿ "ನಾನ್ ರಿಯಾಕ್ಟಿವ್" ಎಂದಿತ್ತು. "ಅಣ್ಣಾ, ಗೆದ್ದೆ! ವೈಶಾಖಕ್ಕೆ ಮದುವೆ ಗೊತ್ತಾಗಿದೆ, ಇನ್ನು ಭಯವಿಲ್ಲ" ಎಂದು ನಗುತ್ತಿದ್ದ. ನಾವೂ ನಕ್ಕೆವು. ಆಮೇಲೆ ಕಾಗದದ ಮೇಲಿನ ತಾರೀಖನ್ನು ನೋಡಿ, "ಆ ರಾತ್ರಿ ಯಾವ ತಾರೀಖು?" ಎಂದು ಕೇಳಿದೆವು. ಅಲ್ಲಿಗೆ ನಗು ನಿಂತಿತು.

ಇಲ್ಲಿ ಅಡಿಗೆಯವರು ಅನೇಕರಿದ್ದೀರಿ. ಇಡ್ಲಿಯ ಹಿಟ್ಟನ್ನು ರುಬ್ಬಿದ ಗಳಿಗೆಯಲ್ಲಿಯೇ ಪಾತ್ರೆಯ ಮುಚ್ಚಳ ತೆಗೆದು ನೋಡಿ, "ಉಬ್ಬಿಲ್ಲ, ಇದು ಇನ್ನು ಉಬ್ಬುವುದೇ ಇಲ್ಲ" ಎಂದು ಯಾರಾದರೂ ಹೇಳುವರೇ? ರಾತ್ರಿ ಕಳೆಯಬೇಕು. ಎಚ್.ಐ.ವಿ. ಪರೀಕ್ಷೆಯೂ ಹಾಗೆಯೇ. ಸಾಮಾನ್ಯ ಪರೀಕ್ಷೆ ಹುಡುಕುವುದು ರೋಗಾಣುವನ್ನಲ್ಲ. ಅದನ್ನು ಎದುರಿಸಲು ನಮ್ಮ ಶರೀರ ತಯಾರಿಸುವ ಪ್ರತಿಕಾಯವನ್ನು. ಪ್ರತಿಕಾಯ ಹುಟ್ಟಿ ಕಣ್ಣಿಗೆ ಬೀಳುವಷ್ಟಾಗಲು ವಾರಗಳು ಬೇಕು. ಬೆರಳು ಚುಚ್ಚಿ ಒಂದು ತೊಟ್ಟು ರಕ್ತ ತೆಗೆದು ಮಾಡುವ ಪರೀಕ್ಷೆಗೆ ಮೂರು ತಿಂಗಳು ತುಂಬಿದ ಮೇಲೆಯೇ ಪೂರ್ಣ ಬೆಲೆ. ತೋಳಿನ ರಕ್ತನಾಳದಿಂದ ರಕ್ತ ತೆಗೆದು ಮಾಡುವ ಇನ್ನೊಂದು ಪರೀಕ್ಷೆ, ನಾಲ್ಕನೆಯ ತಲೆಮಾರಿನದು ಎಂದು ಅದನ್ನು ಕರೆಯುತ್ತಾರೆ, ರೋಗಾಣುವಿನ ಪಿ-24 ಎಂಬ ಚೂರನ್ನೂ ಕೂಡಿ ಹುಡುಕುವುದರಿಂದ 45 ದಿನಗಳಿಗೆ ನಂಬತಕ್ಕ ಉತ್ತರ ಕೊಡುತ್ತದೆ. ಐದನೆಯ ದಿನದ ಕಾಗದವಾದರೋ ಹಳೆಯ ದಿನಗಳ ಬಗ್ಗೆ ಏನಾದರೂ ಹೇಳೀತು. ಆ ರಾತ್ರಿಯ ಬಗ್ಗೆ ಅದು ಖಾಲಿ ಕಾಗದ. ಈ ಒಂದು ಮಾತನ್ನು ಹಣ ತೆಗೆದುಕೊಂಡವರು ಹುಡುಗನಿಗೆ ಹೇಳಿರಲಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಸೋಂಕು ತಗಲಿರಬಹುದಾದ ಘಟನೆ ನಡೆದ 72 ಗಂಟೆಗಳೊಳಗೆ ಶುರುಮಾಡಿ, ದಿನವೂ ತಪ್ಪದೆ 28 ದಿನ ನುಂಗುವ ಗುಳಿಗೆಗಳಿವೆ. ಪೆಪ್ ಎಂದು ಅದರ ಹೆಸರು. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಕೆಲವೇ ಗಂಟೆಗಳೊಳಗಾದರೆ ಇನ್ನೂ ಉತ್ತಮ. ರವಿವಾರ ರಾತ್ರಿ ಹತ್ತಕ್ಕೆ ನಡೆದುದಕ್ಕೆ ಬುಧವಾರ ರಾತ್ರಿ ಹತ್ತಕ್ಕೆ ಈ ಬಾಗಿಲು ಮುಚ್ಚುತ್ತದೆ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿಸಿಕೊಂಡ ನೌಕರರಿಗೂ ಬಲಾತ್ಕಾರಕ್ಕೆ ಒಳಗಾದವರಿಗೂ ಇದನ್ನು ಕೊಡುತ್ತಾರೆ. ಉಳಿದ ಸಂದರ್ಭಗಳಲ್ಲಿ ವೈದ್ಯರು ಅಪಾಯವನ್ನು ತೂಗಿನೋಡಿ ನಿರ್ಧರಿಸುತ್ತಾರೆ. ಆದುದರಿಂದ ಅಂಥ ಸಂದರ್ಭದಲ್ಲಿ ಪರೀಕ್ಷೆಯ ಅಂಗಡಿ ಹುಡುಕಬೇಡಿ. ನೇರವಾಗಿ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ ಇದ್ದುದನ್ನು ಇದ್ದಂತೆ ಹೇಳಿರಿ. ನಮ್ಮ ಹುಡುಗ ನಾಲ್ಕು ದಿನ ಹೆದರುತ್ತ ಕುಳಿತು ಐದನೆಯ ದಿನ ಹೊರಟ. ಗುಳಿಗೆಗಳನ್ನು ನುಂಗಿದವರು ಮುಂದಿನ ಪರೀಕ್ಷೆಯ ದಿನವನ್ನು ಕೊನೆಯ ಗುಳಿಗೆಯಿಂದ ಎಣಿಸಬೇಕೆಂಬುದೂ ನೆನಪಿರಲಿ.

ಅವನನ್ನು ಏಳನೆಯ ವಾರಕ್ಕೆ ಮಜೂರಾ ಗೇಟಿನ ನ್ಯೂ ಸಿವಿಲ್ ಆಸ್ಪತ್ರೆಗೆ ಕಳುಹಿಸಿದೆವು. ಎಲ್ಲ ಗುಹ್ಯರೋಗಗಳ ಪರೀಕ್ಷೆಯನ್ನೂ ಮಾಡಿಸಲು ಹೇಳಿದ್ದೆವು. ಮರುದಿನ ಅವನ ಫೋನು ಬಂದಾಗ ಧ್ವನಿಯೇ ಹೊರಡದು. "ರಿಯಾಕ್ಟಿವ್ ಬಂದಿದೆ ಅಣ್ಣಾ, ನಾನು ಊರಿಗೂ ಹೋಗುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ" ಎಂದ. ನಿಂತಲ್ಲೇ ನಿಲ್ಲೆಂದು ಹೇಳಿ ಓಡಿದೆವು.

ಕಾಗದದಲ್ಲಿ ಎರಡು ಸಾಲುಗಳಿದ್ದವು. ಎಚ್.ಐ.ವಿ.: ನಾನ್ ರಿಯಾಕ್ಟಿವ್. ವಿ.ಡಿ.ಆರ್.ಎಲ್.: ರಿಯಾಕ್ಟಿವ್, 1:16. ಹುಡುಗ ಎರಡನೆಯ ಸಾಲನ್ನು ಮಾತ್ರ ಓದಿದ್ದ.

ವಿ.ಡಿ.ಆರ್.ಎಲ್. ಎಂಬುದು ರೋಗದ ಹೆಸರಲ್ಲ. 1946ರಲ್ಲಿ ಈ ಪರೀಕ್ಷೆಯನ್ನು ರೂಪಿಸಿದ ಅಮೆರಿಕದ ಪ್ರಯೋಗಶಾಲೆಯ ಹೆಸರಿನ ನಾಲ್ಕು ಅಕ್ಷರಗಳು ಅವು. ಹುಡುಕುವುದು ಸಿಫಿಲಿಸ್ ರೋಗವನ್ನು. ನಮ್ಮ ಹಿರಿಯರು ಪರಂಗಿ ಹುಣ್ಣು ಎನ್ನುತ್ತಿದ್ದುದು ಇದೇ. ಎಚ್.ಐ.ವಿ.ಗೂ ಇದಕ್ಕೂ ರೋಗಾಣು ಬೇರೆ, ಔಷಧಿ ಬೇರೆ. 1:16 ಎಂದರೆ ರಕ್ತದ ಸೀರಮ್ಮನ್ನು ಎರಡು ಪಾಲು, ನಾಲ್ಕು ಪಾಲು, ಎಂಟು ಪಾಲು ಎಂದು ತೆಳುವಾಗಿಸುತ್ತ ಹೋದಾಗ ಹದಿನಾರು ಪಾಲಿನವರೆಗೂ ಗುರುತು ಕಂಡಿತು ಎಂದರ್ಥ. ಕ್ಷಯ, ಮಲೇರಿಯಾ, ಬಸಿರು, ಮುಪ್ಪು, ಇವುಗಳಲ್ಲಿಯೂ ಈ ಪರೀಕ್ಷೆ ಒಮ್ಮೊಮ್ಮೆ ಸುಳ್ಳು ಹೇಳುತ್ತದೆ. ಆದರೆ ಆಗ ಅಂಕಿ ಸಾಮಾನ್ಯವಾಗಿ ಚಿಕ್ಕದಿರುತ್ತದೆ. ಅದಕ್ಕಾಗಿಯೇ ಟಿ.ಪಿ.ಎಚ್.ಎ. ಎಂಬ ಎರಡನೆಯ ಪರೀಕ್ಷೆ ಮಾಡಿ ಖಚಿತಪಡಿಸಿಕೊಳ್ಳುತ್ತಾರೆ. ಅವನಿಗೆ ಅದೂ ರಿಯಾಕ್ಟಿವ್ ಬಂತು. ರೋಗ ನಿಜ.

ನಿಜವಾದರೇನು? ಹೊಸ ಸಿಫಿಲಿಸಿಗೆ ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್ಟಿನ ಒಂದೇ ಸಲದ ಚುಚ್ಚುಮದ್ದು ಸಾಕು. ಪೆನಿಸಿಲಿನ್ ಒಗ್ಗದವರು ಮೊದಲೇ ಹೇಳಬೇಕು. ಆರು ತಿಂಗಳ ಬಳಿಕ ಅವನ ಅಂಕಿ 1:4ಕ್ಕೆ ಇಳಿದಿತ್ತು. ನಾಲ್ಕರಲ್ಲೊಂದು ಪಾಲಿಗೆ ಇಳಿದರೆ ಮದ್ದು ಹಿಡಿದಿದೆ ಎಂದು ಲೆಕ್ಕ. ಟಿ.ಪಿ.ಎಚ್.ಎ. ಮಾತ್ರ ಗುಣವಾದ ಮೇಲೂ ಬಹುಮಟ್ಟಿಗೆ ಜೀವಮಾನವಿಡೀ ರಿಯಾಕ್ಟಿವ್ ಎಂದೇ ತೋರಿಸುತ್ತದೆ. ಮುಂದೆ ಎಂದಾದರೂ ಅದನ್ನು ಕಂಡು ಗಾಬರಿಯಾಗದಂತೆ, ಚುಚ್ಚುಮದ್ದಿನ ಚೀಟಿಯನ್ನು ಪೆಟ್ಟಿಗೆಯ ತಳದಲ್ಲಿ ಜೋಪಾನವಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಈಗ ಹಿಂದಿರುಗಿ ನೋಡಿರಿ. ಆ ಹುಡುಗ ಐದನೆಯ ದಿನದ ಕಾಗದವನ್ನು ನಂಬಿ ಊರಿಗೆ ಹೋಗಿ ತಾಳಿ ಕಟ್ಟಿದ್ದರೆ? ಸಿಫಿಲಿಸಿನ ಹುಣ್ಣು ಸಾಮಾನ್ಯವಾಗಿ ಮೂರು ವಾರಕ್ಕೆ ಏಳುತ್ತದೆ, ನೋಯುವುದಿಲ್ಲ, ತಾನಾಗಿಯೇ ಮಾಯುತ್ತದೆ. ರೋಗ ಮಾತ್ರ ಒಳಗೆ ಉಳಿಯುತ್ತದೆ. ಏನೂ ಅರಿಯದ ಒಬ್ಬ ಹೆಣ್ಣುಮಗಳಿಗೆ, ಅವಳ ಬಸಿರಿನ ಕೂಸಿಗೆ ಅದು ಮುಟ್ಟುತ್ತಿತ್ತು. ಮದುವೆಯನ್ನು ಮುಂದೂಡಲು ಅವನು ತಂದೆಗೆ ಏನು ನೆಪ ಹೇಳಿದನೋ ನಾವು ಕೇಳಲಿಲ್ಲ. ಮೂರು ತಿಂಗಳು ತುಂಬಿದ ಮೇಲೆ ಮಾಡಿದ ಎಚ್.ಐ.ವಿ. ಪರೀಕ್ಷೆಯೂ ನಾನ್ ರಿಯಾಕ್ಟಿವ್ ಬಂತು. ಆ ಕಾಗದಕ್ಕೆ ಬೆಲೆಯಿತ್ತು.

ಕೆಲವು ಸಂಶಯಗಳನ್ನು ಬಂಧುಗಳು ಚೀಟಿಯಲ್ಲಿ ಬರೆದು ಕೊಟ್ಟಿದ್ದಾರೆ. ಒಬ್ಬರ ಕಾಗದದಲ್ಲಿ "0.31" ಎಂದು ಇದೆಯಂತೆ, ನೂರಕ್ಕೆ ಮೂವತ್ತೊಂದು ಪಾಲು ರೋಗವಿದೆಯೇ ಎಂದು ಕೇಳಿದ್ದಾರೆ. ಇಲ್ಲ. ಅದು ಯಂತ್ರದ ಅಳತೆ. ಪಕ್ಕದಲ್ಲಿ 1.00 ಎಂಬ ಗಡಿ ಅಚ್ಚಾಗಿರುತ್ತದೆ. ಗಡಿಯ ಕೆಳಗಿದ್ದರೆ ನಾನ್ ರಿಯಾಕ್ಟಿವ್, 0.31ಕ್ಕೂ 0.10ಕ್ಕೂ ಭೇದವಿಲ್ಲ. ಗಡಿ ದಾಟಿದರೂ ಒಂದೇ ಪರೀಕ್ಷೆಯಿಂದ ಎಚ್.ಐ.ವಿ. ಇದೆಯೆಂದು ತೀರ್ಮಾನಿಸಕೂಡದು. ಸರಕಾರದ ಐ.ಸಿ.ಟಿ.ಸಿ. ಕೇಂದ್ರಗಳಲ್ಲಿ ಮೂರು ಬೇರೆಬೇರೆ ಬಗೆಯ ಪರೀಕ್ಷೆ ಮಾಡಿ, ಮೂರೂ ರಿಯಾಕ್ಟಿವ್ ಆದರೆ ಮಾತ್ರ ಪಾಸಿಟಿವ್ ಎನ್ನುತ್ತಾರೆ. ಒಂದಕ್ಕೊಂದು ತಾಳೆಯಾಗದಿದ್ದರೆ ಎರಡು ವಾರದ ಮೇಲೆ ಮತ್ತೆ ಕರೆಯುತ್ತಾರೆ.

ಇನ್ನೊಬ್ಬರಿಗೆ ಎಚ್.ಬಿ.ಎಸ್. ಎ.ಜಿ. ಎಂಬುದು ಎಚ್.ಐ.ವಿ.ಯ ಇನ್ನೊಂದು ಹೆಸರೇ ಎಂಬ ಶಂಕೆ. ಅಲ್ಲ, ಅದು ಯಕೃತ್ತಿಗೆ ತಗಲುವ ಹೆಪಟೈಟಿಸ್-ಬಿ. ಅದಕ್ಕೆ ಲಸಿಕೆಯಿದೆ, ಹಾಕಿಸಿಕೊಳ್ಳದವರು ಹಾಕಿಸಿಕೊಳ್ಳಿರಿ.

ಮೂರನೆಯ ಚೀಟಿ ನಮ್ಮನ್ನು ಹೆಚ್ಚು ನೋಯಿಸಿತು. "ಪಾಸಿಟಿವ್ ಬಂದರೆ ಸೇಟು ಅಡಿಗೆಮನೆಯಿಂದ ಹೊರಗೆ ಹಾಕುವುದಿಲ್ಲವೇ?" ಎಂದು ಬರೆದಿದ್ದಾರೆ. ಎಚ್.ಐ.ವಿ. ಅನ್ನದಿಂದ, ನೀರಿನಿಂದ, ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಒಂದೇ ಕೋಣೆಯಲ್ಲಿ ಮಲಗುವುದರಿಂದ ಹರಡದು. ಇದ್ದವನು ದೋಸೆ ಹೊಯ್ಯಬಹುದು, ಮಗ್ಗ ನಡೆಸಬಹುದು. 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕೆಲಸಕ್ಕೆ ಸೇರಿಸಲು ಈ ಪರೀಕ್ಷೆಯನ್ನು ಕಡ್ಡಾಯ ಮಾಡುವಂತಿಲ್ಲ, ಒಪ್ಪಿಗೆಯಿಲ್ಲದೆ ಪರೀಕ್ಷಿಸುವಂತಿಲ್ಲ, ಒಬ್ಬನ ಸ್ಥಿತಿಯನ್ನು ಬಯಲುಮಾಡುವಂತಿಲ್ಲ. ಸೇಟಿಗಿಂತ ಮೊದಲು ಜೊತೆಯಲ್ಲಿ ಮಲಗುವ ನಮ್ಮವರೇ ಪಿಸುಗುಟ್ಟುತ್ತಾರೆ ಎಂಬುದನ್ನೂ ಒಪ್ಪಿಕೊಳ್ಳಬೇಕಾಗಿದೆ.

ಔಷಧಿಯೋ, 2004ರಿಂದ ಸರಕಾರವೇ ಉಚಿತವಾಗಿ ಕೊಡುತ್ತಿದೆ. ದಿನವೂ ನುಂಗಿ, ರಕ್ತದಲ್ಲಿ ರೋಗಾಣು ಅಳತೆಗೆ ಸಿಕ್ಕದಷ್ಟು ಇಳಿದು ಹಾಗೆಯೇ ಉಳಿದರೆ, ಹೆಂಡತಿಗೆ ಸಹ ಅದು ಸಂಸರ್ಗದಿಂದ ತಗಲದು. ಕೆಲಸ ಬಿಟ್ಟು ಊರಿಗೆ ಹೋಗುವವರು ಇಲ್ಲಿನ ಕೇಂದ್ರದಿಂದ ವರ್ಗಾವಣೆಯ ಕಾಗದ ಪಡೆದು ಉಡುಪಿಯಲ್ಲೋ ಕಲಬುರಗಿಯಲ್ಲೋ ಔಷಧಿ ಮುಂದುವರಿಸಬಹುದು, ನಡುವೆ ಬಿಡಕೂಡದು.

ಕತಾರ್‌ಗಾಮ್‌ನಿಂದ ಹೋಗುವವರಿಗೆ ನ್ಯೂ ಸಿವಿಲ್ ಅಲ್ಲದೆ ಮಹಾನಗರಪಾಲಿಕೆಯ ಸ್ಮೀಮೇರ್ ಆಸ್ಪತ್ರೆಯೂ ಇದೆ. ಸರಕಾರಿ ಕೇಂದ್ರದಲ್ಲಿ ಎಚ್.ಐ.ವಿ. ಪರೀಕ್ಷೆಗೆ ಹಣವಿಲ್ಲ. ಫೋನಿನಲ್ಲಿ ಕೇಳುವವರಿಗೆ 1097, ಅದಕ್ಕೂ ಹಣವಿಲ್ಲ. ಪರೀಕ್ಷೆಗೆ ರವಿವಾರ ಹೋಗಬೇಡಿ, ಕೇಂದ್ರ ಮುಚ್ಚಿರುತ್ತದೆ. ರಾತ್ರಿಪಾಳಿಯವರು ಪಾಳಿ ಬಿಟ್ಟು ಬೆಳಿಗ್ಗೆ ನೇರವಾಗಿ ಹೋಗಬಹುದು. ಗುಜರಾತಿ ಬಾರದವರು ಹಿಂದಿನ ದಿನ ನಮಗೆ ತಿಳಿಸಿದರೆ ಯಾರಾದರೂ ಜೊತೆಗೆ ಬರುವೆವು; ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತಿರುವೆವು, ಒಳಗೆ ಬರುವುದಿಲ್ಲ.