ಕೊಟ್ಟ ಬೆಲೆಗಿಂತ ಹೆಚ್ಚು ದುಡಿದ ಮೂರು ವಸ್ತುಗಳು

(ಶೇಂಗಾ ಬೆಳೆಗಾರರ ಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಗ್ರಾಮಸೇವಕ ಬಂದನೆಂದರೆ ಏನನ್ನಾದರೂ ಕೊಳ್ಳಿರೆಂದು ಹೇಳುವುದಕ್ಕೇ ಬಂದಿರಬೇಕೆಂದು ತಾವು ಭಾವಿಸುವುದು ಸಹಜ. ಬೀಜ ಕೊಳ್ಳಿ, ಗೊಬ್ಬರ ಕೊಳ್ಳಿ, ಔಷಧಿ ಕೊಳ್ಳಿ ಎಂಬ ಮಾತನ್ನು ಕೇಳಿ ಕೇಳಿ ತಮ್ಮ ಕಿವಿ ದಣಿದಿದೆ. ಆದುದರಿಂದ ಈ ದಿನ ಕೊಳ್ಳಿರೆಂದು ಹೇಳುವುದಕ್ಕೆ ಮೊದಲು, ಕೊಂಡವರ ಮನೆಯಲ್ಲಿ ಏನಾಯಿತೆಂಬುದನ್ನು ಹೇಳುತ್ತೇನೆ. ಅದರಲ್ಲಿ ಮೊದಲನೆಯ ಮನೆ ನಮ್ಮದೇ.

ನಾನು ಶೇಂಗಾ ಬೆಳೆಯುವವರ ಮಗ. ಚಳ್ಳಕೆರೆ ಸೀಮೆಯ ಕೆಂಪು ನೆಲ ನಮ್ಮದು. ಮುಂಗಾರಿನಲ್ಲಿ ಮಳೆಗಾಗಿ ಮುಗಿಲು ನೋಡುವುದು, ಕಾಯಿ ಕಿತ್ತ ಮೇಲೆ ಮಳೆ ಬಾರದಿರಲೆಂದು ಮುಗಿಲು ನೋಡುವುದು, ಇದೇ ನಮ್ಮ ಬಾಳು. ನಾನು ಕೃಷಿ ಡಿಪ್ಲೊಮಾ ಓದುತ್ತಿದ್ದ ವರ್ಷ ಕೀಳುವ ಹೊತ್ತಿಗೆ ನಾಲ್ಕು ದಿನ ಬಿಡದೆ ಮಳೆ ಹಿಡಿಯಿತು. ಕಣದಲ್ಲಿ ಹರಡಿದ್ದ ಕಾಯಿಯೆಲ್ಲ ನೆನೆಯಿತು. ಗೊಂಚಲು ಜಾತಿಯ ಶೇಂಗಾ ತೇವ ಸಿಕ್ಕಿದರೆ ಸುಮ್ಮನಿರುವುದಿಲ್ಲ. ಒಂದಷ್ಟು ಕಾಯಿ ಮೊಳೆಯಿತು, ಉಳಿದದ್ದಕ್ಕೆ ಬೂಷ್ಟು ಹಿಡಿಯಿತು. ವ್ಯಾಪಾರಿ ಬಂದು ಹಿಡಿಯಷ್ಟು ಸುಲಿದು ನೋಡಿ, ಮೂಸಿ, ಕೆಳಗೆ ಹಾಕಿ ಹೊರಟುಹೋದ. ಸೊಸೈಟಿಯ ಸಾಲ ಆ ವರ್ಷ ತೀರಲಿಲ್ಲ.

ಆದರೆ ನಾನು ಹೇಳಬೇಕಾದ ಮಾತು ಸಾಲದ್ದಲ್ಲ. ವ್ಯಾಪಾರಿ ಬೇಡವೆಂದ ಕಾಯಿಯನ್ನು ತಿಪ್ಪೆಗೆ ಸುರಿಯಲು ನಮ್ಮ ತಾಯಿಯವರಿಗೆ ಮನಸ್ಸು ಬರಲಿಲ್ಲ. ಬಿಸಿಲಿಗೆ ಹಾಕಿ, ಹುರಿದು, ಚಟ್ನಿಪುಡಿ ಮಾಡಿದರು. ವರ್ಷವಿಡೀ ಮನೆಮಂದಿ ಅದನ್ನು ತಿಂದೆವು. ಮಿಕ್ಕದ್ದನ್ನು ಎಮ್ಮೆಗೆ ಹಾಕಿದೆವು. ಮಾರುಕಟ್ಟೆ ಬೇಡವೆಂದದ್ದು ನಮ್ಮ ಹೊಟ್ಟೆಗೆ ಆಯಿತು. ಇದು ನಮ್ಮೊಂದು ಮನೆಯ ಕಥೆಯಲ್ಲವೆಂದು ತಮ್ಮ ಮುಖಗಳೇ ಹೇಳುತ್ತಿವೆ.

೧೯೬೦ರಲ್ಲಿ ಇಂಗ್ಲೆಂಡ್ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ವಿಜ್ಞಾನಿಗಳು ಹುಡುಕುತ್ತ ಹೋದಾಗ ಅವುಗಳ ಮೇವಿನಲ್ಲಿ ಶೇಂಗಾ ಹಿಂಡಿ ಇದ್ದುದು ತಿಳಿಯಿತು. ಹಿಂಡಿಯಲ್ಲಿ ಬೂಷ್ಟು, ಬೂಷ್ಟಿನಲ್ಲಿ ವಿಷ. ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ಹಳದಿ ಬೆರೆತ ಹಸಿರು ಬಣ್ಣದ ಬೂಷ್ಟು ಅದನ್ನು ಉಂಟುಮಾಡುತ್ತದೆ. ಅದು ಮನುಷ್ಯರ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಬಹುಕಾಲ ಹೊಟ್ಟೆಗೆ ಹೋದರೆ ಅಲ್ಲಿ ಕ್ಯಾನ್ಸರ್ ತರಬಲ್ಲದು. ಹುರಿದರೂ ಬೇಯಿಸಿದರೂ ಪೂರ್ತಿಯಾಗಿ ಹೋಗುವುದಿಲ್ಲ. ಬೂಷ್ಟು ಹಿಡಿದ ಹಿಂಡಿಯನ್ನು ದನ ತಿಂದರೆ ಹಾಲಿಗೂ ಇಳಿಯುತ್ತದೆ. ಈ ಪಾಠವನ್ನು ನಾನು ತರಗತಿಯಲ್ಲಿ ಕೇಳಿದ ದಿನ, ಮನೆಯ ಚಟ್ನಿಪುಡಿಯ ಡಬ್ಬ ನೆನಪಾಗಿ ಅನ್ನ ಸೇರಲಿಲ್ಲ.

ಕೆಲಸ ಸಿಕ್ಕಿ ಮೊದಲ ಸಂಬಳ ಬಂದಾಗ ಎರಡೂವರೆ ಸಾವಿರ ರೂಪಾಯಿ ಕೊಟ್ಟು ಒಂದು ತಾಡಪಾಲು ತಂದೆ. ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲ. ನಮ್ಮ ತಂದೆಯವರು ಅದನ್ನು ಕಾಲಿನಿಂದ ಸರಿಸಿ ನೋಡಿ, "ಮೊದಲ ಸಂಬಳದಲ್ಲಿ ಅವ್ವನಿಗೊಂದು ಸೀರೆ ತರೋದು ಬಿಟ್ಟು ಪ್ಲಾಸ್ಟಿಕ್ ಚಾಪೆ ತಂದೆಯೇನಪ್ಪಾ" ಎಂದರು. ನಾನು ಉತ್ತರ ಕೊಡಲಿಲ್ಲ. ಮಳೆ ಬಂದರೆ ರಾಶಿಗೆ ಮುಚ್ಚಲು ಬರುತ್ತದೆಂದಷ್ಟೇ ನನ್ನ ಎಣಿಕೆಯಾಗಿತ್ತು.

ಅದು ನನ್ನ ಎಣಿಕೆಗಿಂತ ಹೆಚ್ಚು ದುಡಿಯಿತು. ಕಾಯಿಯನ್ನು ಅದರ ಮೇಲೆ ಒಣಗಿಸಿದ್ದರಿಂದ ಮಣ್ಣುಹೆಂಟೆ, ಕಲ್ಲು ಸೇರಲಿಲ್ಲ. ಕಸಕ್ಕೆಂದು ತೂಕ ಮುರಿಯಲು ವ್ಯಾಪಾರಿಗೆ ನೆಪ ಸಿಕ್ಕಲಿಲ್ಲ. ನೆಲದ ತೇವ ಮೇಲೆ ಏರಲಿಲ್ಲ, ರಾತ್ರಿಯ ಇಬ್ಬನಿ ತಗಲಲಿಲ್ಲ. ಸಂಜೆ ನಾಲ್ಕು ಮೂಲೆ ಹಿಡಿದು ಎಳೆದರೆ ರಾಶಿಯೆಲ್ಲ ಒಂದೆಡೆ ಕೂಡುತ್ತಿತ್ತು. ಮುಂಚೆ ಇಬ್ಬರು ಒಂದು ತಾಸು ಗುಡಿಸುತ್ತಿದ್ದ ಕೆಲಸವದು. ಶೇಂಗಾ ಆದಮೇಲೆ ರಾಗಿ, ರಾಗಿ ಆದಮೇಲೆ ತೊಗರಿ, ಅನಂತರ ಹೊಟ್ಟಿನ ಬಣವೆಗೆ ಹೊದಿಕೆ. ಈಗ ಮೂರು ವರ್ಷವಾಯಿತು. ಎರಡನೆಯ ವರ್ಷ ಮತ್ತೆ ಕಣದಲ್ಲಿ ಮಳೆ ಬಂದಾಗ, ಕತ್ತಲಲ್ಲಿ ಅದನ್ನು ಹೊತ್ತು ಓಡಿದವರು ನಮ್ಮ ತಂದೆಯವರೇ. ಆ ಸಲ ಬೂಷ್ಟಿನ ಕಾಯಿ ಮನೆಯೊಳಕ್ಕೆ ಬರಲಿಲ್ಲ. ಅವ್ವನಿಗೆ ಸೀರೆಯೂ ಆ ವರ್ಷದ ಶೇಂಗಾದಲ್ಲೇ ಬಂತು.

ತಾಡಪಾಲು ಬಳಸುವವರು ಎರಡು ಮಾತು ನೆನಪಿಡಬೇಕು. ಹಸಿ ಕಾಯಿಯ ರಾಶಿಯನ್ನು ಬಿಗಿಯಾಗಿ ಮುಚ್ಚಿಟ್ಟರೆ ಒಳಗೆ ಬೆವೆತು ಬೂಷ್ಟು ಇನ್ನೂ ಬೇಗ ಹಿಡಿಯುತ್ತದೆ. ಮಳೆ ನಿಂತೊಡನೆ ಹೊದಿಕೆ ತೆಗೆದು ಗಾಳಿ ಆಡಿಸಿರಿ. ಎರಡನೆಯದಾಗಿ, ಕಾಯಿ ಚೆನ್ನಾಗಿ ಒಣಗಿದ ಹೊರತು ಚೀಲಕ್ಕೆ ತುಂಬಬೇಡಿರಿ. ತೇವ ನೂರಕ್ಕೆ ಎಂಟು ಪಾಲಿಗಿಂತ ಕಡಿಮೆಯಾಗಬೇಕು. ಅಳೆಯುವ ಯಂತ್ರ ಬೇಡ. ಕಾಯಿ ಕಿವಿಯ ಬಳಿ ಅಲ್ಲಾಡಿಸಿದರೆ ಬೀಜ ಗಲಗಲ ಎನ್ನಬೇಕು, ಬೀಜವನ್ನು ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಬಿಡಬೇಕು. ಬೂಷ್ಟು ಹಿಡಿದ, ಮುದುಡಿದ, ಬಣ್ಣಗೆಟ್ಟ ಬೀಜವನ್ನು ಆರಿಸಿ ತೆಗೆಯಿರಿ. ಅದನ್ನು ನೀವೂ ತಿನ್ನಬೇಡಿರಿ, ದನಕ್ಕೂ ಹಾಕಬೇಡಿರಿ.

ಎರಡನೆಯ ವಸ್ತು ತೂಕದ ಯಂತ್ರ. ನನ್ನ ವಲಯದ ಒಂದು ಹಳ್ಳಿಯಲ್ಲಿ ಹನ್ನೊಂದು ಮನೆಯವರು ತಲಾ ೧೫೦ ರೂಪಾಯಿ ಹಾಕಿ, ಮೂಟೆಯನ್ನು ಕೊಕ್ಕೆಗೆ ನೇತುಹಾಕಿ ತೂಗುವ ಬ್ಯಾಟರಿಯ ಯಂತ್ರವೊಂದನ್ನು ಕೊಂಡರು. ಬಿತ್ತನೆ ಬೀಜ ಹಂಚಿಕೊಳ್ಳುವಾಗ ಜಗಳವಾಗದಿರಲೆಂದು ತಂದದ್ದು ಅದು. ಆ ವರ್ಷ ಕಣಕ್ಕೆ ಬಂದ ವ್ಯಾಪಾರಿಯ ತಕ್ಕಡಿಯಲ್ಲಿ ಒಬ್ಬ ಹಿರಿಯರ ಮೂಟೆ, ಖಾಲಿ ಚೀಲದ ತೂಕ ಕಳೆದು, ೩೯ೂವರೆ ಕಿಲೋ ತೂಗಿತು. ಅದೇ ಮೂಟೆ ಹಿಂದಿನ ದಿನ ಹಳ್ಳಿಯ ಯಂತ್ರದಲ್ಲಿ ೪೧ ಕಿಲೋ ಇತ್ತು. ಒಂದೂವರೆ ಕಿಲೋ ಏನು ಮಹಾ ಎನ್ನಬಹುದು. ಅವರ ಮೂಟೆ ೨೮. ಲೆಕ್ಕ ಹಾಕಿರಿ: ೪೨ ಕಿಲೋ. ಎಂದರೆ ಒಂದು ತುಂಬಿದ ಮೂಟೆಗಿಂತ ಹೆಚ್ಚು!

ಹಿರಿಯರು ಜಗಳ ತೆಗೆಯಲಿಲ್ಲ. "ಅಣ್ಣಾ, ಒಂದು ಸಲ ನಿಮ್ಮದರಲ್ಲಿ, ಒಂದು ಸಲ ನಮ್ಮದರಲ್ಲಿ ತೂಗೋಣ" ಎಂದರು. ವ್ಯಾಪಾರಿ ತನ್ನ ತಕ್ಕಡಿಯನ್ನು ಅತ್ತಿತ್ತ ಅಲ್ಲಾಡಿಸಿ, ನೆಲ ಸಮವಿಲ್ಲವೆಂದು ಬೇರೆ ಕಡೆ ಇಟ್ಟು ತೂಗಿದ. ವ್ಯತ್ಯಾಸ ಮಾಯವಾಯಿತು. ತಪ್ಪು ನೆಲದ್ದೋ ಮನುಷ್ಯನದೋ ಯಾರೂ ವಿಚಾರಿಸಲಿಲ್ಲ. ವಿಚಾರಿಸುವ ಅಗತ್ಯವೂ ಬೀಳಲಿಲ್ಲ. ಅಂದಿನಿಂದ ಆ ಹಳ್ಳಿಯಲ್ಲಿ ನೆಲ ಸಮವಾಗಿದೆ.

ಅಷ್ಟೇ ಅಲ್ಲ. ಆ ಯಂತ್ರ ನಮ್ಮವರ ತಪ್ಪನ್ನೂ ತೋರಿಸಿತು. ಎಕರೆಗೆ ಸಾಕಷ್ಟು ಬೀಜ ಹಾಕುತ್ತಿದ್ದೇನೆಂದು ನಂಬಿದ್ದವರೊಬ್ಬರು ತೂಗಿ ನೋಡಿದಾಗ, ಒಂದೆಕರೆಯ ಬೀಜವನ್ನು ಒಂದೂವರೆ ಎಕರೆಗೆ ಎಳೆಯುತ್ತಿದ್ದುದು ತಿಳಿಯಿತು. ಸಾಲಿನಲ್ಲಿ ಗಿಡ ತೆಳುವಾಗಿರುವುದಕ್ಕೆ ಅವರು ಬಹಳ ವರ್ಷ ಮಣ್ಣನ್ನು ಬೈದಿದ್ದರು. ತಾಯಂದಿರು ಹುಣಸೆಹಣ್ಣನ್ನು ಕಣ್ಣಂದಾಜಿಗೆ ಮಾರುವುದನ್ನು ಬಿಟ್ಟರು. ಹನಿಗೂಡಿ ಹಳ್ಳ, ತೆನೆಗೂಡಿ ಬಳ್ಳ ಎಂಬ ಗಾದೆ ನಮಗೆಲ್ಲ ಬರುತ್ತದೆ. ಹನಿ ಸೋರಿದರೆ ಹಳ್ಳವೂ ಬತ್ತುತ್ತದೆಂಬುದನ್ನು ಆ ಯಂತ್ರ ಕಲಿಸಿತು.

ಇಂಥ ಯಂತ್ರ ಮನೆಯ ಪರೀಕ್ಷೆಗೆ ಮಾತ್ರ. ಕೊಡುಕೊಳ್ಳುವ ವ್ಯವಹಾರಕ್ಕೆ ಬಳಸುವ ತಕ್ಕಡಿಗೆ ೨೦೦೯ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ಸರ್ಕಾರದ ಮುದ್ರೆ ಇರಬೇಕು. ಅದನ್ನು ತೋರಿಸಿರೆಂದು ಕೇಳುವುದು ತಮ್ಮ ಹಕ್ಕು. ತಮ್ಮ ಯಂತ್ರ ಸರಿಯಿದೆಯೇ ಎಂದು ನೋಡಲು ದಾರಿ ಸುಲಭ. ಖಾಲಿ ಕೊಡ ತೂಗಿ, ಲೀಟರ್ ಅಳತೆಯಲ್ಲಿ ಹತ್ತು ಲೀಟರ್ ನೀರು ಹಾಕಿ ಮತ್ತೆ ತೂಗಿರಿ. ಹತ್ತು ಕಿಲೋ ಹೆಚ್ಚಬೇಕು.

ಮೂರನೆಯದು ಜಿಪ್ಸಂ. ಶೇಂಗಾದ ಹೂವು ಬಾಡಿದ ಮೇಲೆ ಸೂಜಿಯಂಥ ಕಡ್ಡಿಯೊಂದು ಮಣ್ಣಿಗೆ ಇಳಿದು, ಅದರ ತುದಿಯಲ್ಲಿ ಕಾಯಿ ಕಟ್ಟುವುದನ್ನು ತಾವು ಬಲ್ಲಿರಿ. ಕಾಯಿ ತುಂಬಲು ಸುಣ್ಣದ ಅಂಶ ಬೇಕು. ಬೇರು ಹೀರಿದ ಸುಣ್ಣ ಎಲೆಗೆ ಹೋಗುತ್ತದೆಯೇ ಹೊರತು ಕಾಯಿಗೆ ಇಳಿದು ಬರುವುದಿಲ್ಲ. ಕಾಯಿ ತನ್ನ ಸುತ್ತಲ ಮಣ್ಣಿನಿಂದ ತಾನೇ ಹೀರಿಕೊಳ್ಳಬೇಕು. ಅದಕ್ಕಾಗಿಯೇ ಗಿಡದ ಬುಡಕ್ಕೆ ಜಿಪ್ಸಂ ಕೊಡುವುದು. ಅದರಲ್ಲಿರುವ ಗಂಧಕ ಎಣ್ಣೆಯ ಅಂಶಕ್ಕೂ ಸಹಾಯಕ. ಎಕರೆಗೆ ೨೦೦ ಕಿಲೋ ಹಾಕಿ, ಹೂ ಬಿಟ್ಟು ಕಡ್ಡಿ ಇಳಿಯುವ ಹೊತ್ತಿಗೆ ಕಡೆಯ ಎಡೆ ಹೊಡೆದು ಮಣ್ಣು ಏರಿಸಬೇಕು.

ಒಬ್ಬ ರೈತರು "ಗೋಡೆಗೆ ಬಳಿಯೋ ಪುಡಿ ಹೊಲಕ್ಕೆ ಯಾಕೆ" ಎಂದರು. ನಾನು ವಾದ ಮಾಡಲಿಲ್ಲ. ಆರು ಸಾಲು ಹಾಗೆಯೇ ಬಿಟ್ಟು ಉಳಿದದ್ದಕ್ಕೆ ಹಾಕಿರೆಂದು ಕೇಳಿಕೊಂಡೆ. ಕೀಳುವ ದಿನ ಎರಡೂ ಕಡೆ ಹತ್ತು ಹತ್ತು ಗಿಡ ಕಿತ್ತು, ಅವರ ಮೊಮ್ಮಗಳೇ ಕಾಯಿ ಎಣಿಸಿದಳು. ಜಿಪ್ಸಂ ಹಾಕಿದ ಕಡೆ ಜೊಳ್ಳು ಅರ್ಧಕ್ಕಿಂತ ಕಡಿಮೆಯಿತ್ತು. ಎಲ್ಲ ನೆಲದಲ್ಲೂ ಇಷ್ಟೇ ಫಲ ಸಿಕ್ಕುತ್ತದೆಂದು ನಾನು ಹೇಳಲಾರೆ. ಮಣ್ಣು ಪರೀಕ್ಷೆ ಮಾಡಿಸಿ, ಆರು ಸಾಲು ಬಿಟ್ಟು, ತಾವೇ ನೋಡಿಕೊಳ್ಳಿರಿ.

ಇನ್ನು ನನ್ನ ತಪ್ಪೊಂದನ್ನೂ ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಗಿಡಕ್ಕೆ ಶಕ್ತಿ ಕೊಡುವುದೆಂಬ ಸೀಸೆಯ ಔಷಧಿಯೊಂದನ್ನು ನಾನೇ ನಾಲ್ಕು ಮನೆಯವರಿಗೆ ಹೇಳಿ ಕೊಳ್ಳಿಸಿದೆ. ಎಲೆ ಹಸಿರಾಯಿತು. ಆದರೆ ಅದೇ ವಾರ ಮಳೆಯೂ ಬಂದಿತ್ತು! ಯಾರೂ ಸಾಲು ಬಿಟ್ಟಿರಲಿಲ್ಲವಾದ್ದರಿಂದ ಹಸಿರು ಸೀಸೆಯದೋ ಮಳೆಯದೋ ಹೇಳಲು ಆಗಲಿಲ್ಲ. ಕಾಯಿ ಮಾತ್ರ ಎಂದಿನಷ್ಟೇ. ಆ ನಾಲ್ವರ ದುಡ್ಡು ನನ್ನ ಮಾತಿನ ಮೇಲೆ ಹೋಯಿತು. ೧೯೫೨ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಕಾಲದಿಂದಲೂ ಪ್ರಾತ್ಯಕ್ಷಿಕೆಯೇ ಈ ಕೆಲಸದ ಜೀವಾಳ. ನಾನು ಅದನ್ನು ಮರೆತು ಬಾಯಿಮಾತು ನಂಬಿದ್ದೆ. ಅಂದಿನಿಂದ, ಸಾಲು ಬಿಟ್ಟು ನೋಡದ ವಸ್ತುವನ್ನು ನಾನು ಯಾರಿಗೂ ಹೇಳುವುದಿಲ್ಲ.

ಬಾಂಧವರೇ, ಈ ಮೂರು ವಸ್ತುಗಳು ನಿರೀಕ್ಷೆಗಿಂತ ಹೆಚ್ಚು ಕೊಟ್ಟದ್ದೇಕೆಂದು ಯೋಚಿಸಿ ನೋಡಿರಿ. ಇವುಗಳಲ್ಲಿ ಪವಾಡವೇನೂ ಇಲ್ಲ. ನಾವು ಬೆವರು ಸುರಿಸಿ ಬೆಳೆದದ್ದು ಎಲ್ಲಿ ಸೋರಿಹೋಗುತ್ತಿತ್ತೋ ಅಲ್ಲಿ ಇವು ತಡೆದವು. ತಾಡಪಾಲು ಕಣದ ಸೋರಿಕೆಯನ್ನು, ಯಂತ್ರ ತೂಕದ ಸೋರಿಕೆಯನ್ನು, ಜಿಪ್ಸಂ ಜೊಳ್ಳಿನ ಸೋರಿಕೆಯನ್ನು ನಿಲ್ಲಿಸಿತು. ಸೀಸೆಯ ಔಷಧಿ ಯಾವ ತೂತನ್ನೂ ಮುಚ್ಚಲಿಲ್ಲ. ಒಡಕು ಕೊಡಕ್ಕೆ ಇನ್ನಷ್ಟು ನೀರು ಹೊಯ್ದಂತಾಯಿತು. ನಮ್ಮ ಹಿರಿಯರು ಹಗೇವು ತೋಡಿ ರಾಗಿ ಇಟ್ಟವರು. ಬೆಳೆಯುವುದು ಎಷ್ಟು ಬೇಸಾಯವೋ ಉಳಿಸುವುದೂ ಅಷ್ಟೇ ಬೇಸಾಯವೆಂದು ಅವರು ಬಲ್ಲವರಾಗಿದ್ದರು.

ಆದುದರಿಂದ ಮುಂದಿನ ಸಲ ಅಂಗಡಿಯ ಮುಂದೆ ನಿಂತಾಗ ಮೂರು ಪ್ರಶ್ನೆ ಕೇಳಿಕೊಳ್ಳಿರಿ. ನನ್ನ ಮನೆಯಲ್ಲಿ ಎಲ್ಲಿ ಸೋರುತ್ತಿದೆ? ಈ ವಸ್ತು ಆ ತೂತನ್ನು ಮುಚ್ಚುತ್ತದೆಯೇ? ಮುಚ್ಚಿತೆಂದು ನಾನು ಹೇಗೆ ತಿಳಿಯಲಿ? ಮೂರಕ್ಕೂ ಉತ್ತರವಿದ್ದರೆ ಕೊಳ್ಳಿರಿ. ಒಬ್ಬರ ಕೈಲಾಗದಿದ್ದರೆ ಹತ್ತು ಮನೆ ಕೂಡಿ ಕೊಳ್ಳಿರಿ. ಉತ್ತರವಿಲ್ಲದಿದ್ದರೆ, ಹೇಳಿದವನು ಗ್ರಾಮಸೇವಕನೇ ಆದರೂ, ದುಡ್ಡನ್ನು ಗಂಟಿನಲ್ಲೇ ಇಟ್ಟುಕೊಂಡು ಮನೆಗೆ ನಡೆಯಿರಿ.

ತಮ್ಮ ಮನೆಯಲ್ಲಿ ಕೊಟ್ಟ ಬೆಲೆಗಿಂತ ಹೆಚ್ಚು ದುಡಿದ ವಸ್ತು ಯಾವುದಾದರೂ ಇದ್ದರೆ, ನಾನು ಹಳ್ಳಿಗೆ ಬಂದ ದಿನ ತೋರಿಸಿರಿ. ದಂಡವಾದದ್ದಿದ್ದರೆ ಅದನ್ನೂ ತೋರಿಸಿರಿ. ಎರಡರಿಂದಲೂ ಪಕ್ಕದ ಹಳ್ಳಿಯವರಿಗೆ ಉಪಯೋಗವಿದೆ.